ಜೆನ್ ಕಾರಿನ ಬಾನೆಟ್ ತೆರೆಯುತ್ತಿಲ್ಲ, ಲಿವರ್ ಜೋಲುತ್ತಿದೆ. ಗುರುವಾರ ಘಟ್ಟ ಇಳಿಯಬೇಕು

ಅಂಗಳದ ಜೆನ್ (ತೀರ್ಥಹಳ್ಳಿ ಕಡೆ), ಸೋಮವಾರ ಸಂಜೆ 7.10

ಎಲ್ಲರಿಗೂ ನಮಸ್ಕಾರ. ನನ್ನದು 2002ರ ಮಾರುತಿ ಜೆನ್, ಪೆಟ್ರೋಲ್ ಗಾಡಿ. ಅಪ್ಪ ಕೊಂಡದ್ದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಓಡಿಸುತ್ತಿದ್ದೇನೆ.

ಇಂದು ಮಧ್ಯಾಹ್ನ ಶಿವಮೊಗ್ಗದಿಂದ ಬರುವಾಗ ಮಂಡಗದ್ದೆ ದಾಟುತ್ತಿದ್ದಂತೆ ಬಿಸಿ ತೋರಿಸುವ ಮುಳ್ಳು ದಿನಕ್ಕಿಂತ ಮೇಲೆ ನಿಂತಿತ್ತು. ಮನೆಗೆ ಬಂದು, ಇಂಜಿನ್ ಆರುವವರೆಗೆ ಕಾದು, ರೇಡಿಯೇಟರ್ ನೀರು ನೋಡೋಣವೆಂದು ಬಾನೆಟ್ ಲಿವರ್ ಎಳೆದೆ. ಬಿಗಿಯಾಗಿತ್ತು. ಇನ್ನೊಮ್ಮೆ ಬಲ ಹಾಕಿ ಎಳೆದಾಗ ಒಳಗೆಲ್ಲೋ ಟಕ್ ಎಂದಿತು. ಅಲ್ಲಿಂದ ಈಚೆಗೆ ಲಿವರ್ ಜೋಲುತ್ತಿದೆ, ಬಾನೆಟ್ ಮಾತ್ರ ಅಲುಗುತ್ತಿಲ್ಲ.

ಗುರುವಾರ ಬೆಳಿಗ್ಗೆ ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು, ಆಗುಂಬೆ ಘಟ್ಟದಲ್ಲಿ. ನೀರು ನೋಡದೆ ಗಾಡಿ ತೆಗೆಯುವ ಧೈರ್ಯ ನನಗಿಲ್ಲ. ಹೇಗೆ ತೆರೆಯುವುದು? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಾಗರದವಳು, ಸೋಮವಾರ 7.22

ಇಬ್ಬರು ಸೇರಿ ಮಾಡಿ. ಒಬ್ಬರು ಒಳಗೆ ಲಿವರ್ ಎಳೆದು ಹಿಡಿದುಕೊಳ್ಳಲಿ, ಇನ್ನೊಬ್ಬರು ಬಾನೆಟ್ಟಿನ ಮುಂದಂಚನ್ನು ನಡುಭಾಗದಲ್ಲಿ ಅಂಗೈಯಿಂದ ಒತ್ತಿ ಒತ್ತಿ ಬಿಡಲಿ. ನನ್ನ ಹಳೆಯ ಆಲ್ಟೋ ಪ್ರತಿ ಮಳೆಗಾಲದಲ್ಲಿ ಇದೇ ಹಟ ಮಾಡುತ್ತದೆ. ಒತ್ತಿದಾಗ ಕೊಕ್ಕೆಯ ಮೇಲಿನ ಭಾರ ಇಳಿದು ಬಿಟ್ಟುಕೊಳ್ಳುತ್ತದೆ.

ಮಂಡಗದ್ದೆ ಹಕ್ಕಿ, ಸೋಮವಾರ 7.31

ಅಕ್ಕಾ, ಅದು ಲಾಕ್ ಹಿಡಿದುಕೊಂಡಾಗ ಮಾಡುವ ಉಪಾಯ. ಇವರದು ಟಕ್ ಎಂದಿದೆ. ತಂತಿಯೇ ಹೋದ ಮೇಲೆ ಎಷ್ಟು ಒತ್ತಿದರೇನು?

ಸಾಗರದವಳು, ಸೋಮವಾರ 7.33

ಟಕ್ ಎಂದ ಮಾತ್ರಕ್ಕೆ ತಂತಿಯೇ ತುಂಡಾಗಿದೆ ಎಂದು ನೀವು ಹೇಗೆ ಹೇಳುತ್ತೀರಿ? ಲಿವರಿನ ಪ್ಲಾಸ್ಟಿಕ್ ಮುರಿದರೂ ಹಾಗೇ ಸದ್ದಾಗುತ್ತದೆ.

ಹಳೇ ಗ್ಯಾರೇಜು (ಶಿವಮೊಗ್ಗ), ಸೋಮವಾರ 8.05

ಇಬ್ಬರ ಮಾತಿನಲ್ಲೂ ಹುರುಳಿದೆ. ಎಲ್ಲಿ ಹೋಗಿದೆ ಎಂದು ತಿಳಿಯದೆ ಬಾನೆಟ್ಟಿಗೆ ಕೈ ಹಚ್ಚಬೇಡಿ. ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಅದರಲ್ಲಿ ಕಂಡದ್ದನ್ನು ಹೇಳುತ್ತೇನೆ.

ಬಾನೆಟ್ ಕೇಬಲ್ ಎಂದರೆ ಸೈಕಲ್ ಬ್ರೇಕಿನ ತಂತಿಯ ಹಾಗೆಯೇ. ಹೊರಗೊಂದು ಕವಚ, ಒಳಗೆ ಉಕ್ಕಿನ ಎಳೆಗಳನ್ನು ಹೆಣೆದ ತಂತಿ. ಕವಚ ಎರಡು ತುದಿಯಲ್ಲೂ ಗಟ್ಟಿಯಾಗಿ ಕೂತಿದ್ದರೆ ಮಾತ್ರ ಒಳಗಿನ ತಂತಿ ಎಳೆತವನ್ನು ಲಾಕಿಗೆ ಮುಟ್ಟಿಸುತ್ತದೆ. ಹಾಗಾಗಿ ಕೆಡುವುದು ಹೆಚ್ಚಾಗಿ ಮೂರು ರೀತಿಯಲ್ಲಿ. ಲಿವರ್ ಅಥವಾ ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಮುರಿದಿರುತ್ತದೆ. ಇಲ್ಲವೇ ಕವಚ ತನ್ನ ಕ್ಲಿಪ್ಪಿನಿಂದ ಜಾರಿ, ನೀವು ಎಳೆದಾಗ ತಂತಿಯ ಜೊತೆ ಅದೂ ಬರುತ್ತಿರುತ್ತದೆ. ಇಲ್ಲವೇ ಒಳತಂತಿ ತುಂಡಾಗಿರುತ್ತದೆ.

ಈಗಲೇ ಟಾರ್ಚ್ ಹಿಡಿದು ಚಾಲಕನ ಬಲ ಮೊಣಕಾಲಿನ ಹತ್ತಿರ ಬಗ್ಗಿ ನೋಡಿ. ಲಿವರಿನ ಹಿಂದೆ ತಂತಿಯ ತುದಿಯ ಗುಂಡಿ ಕಾಣಬೇಕು. ಕವಚವನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಒಳತಂತಿಯನ್ನು ಇಕ್ಕಳದಿಂದ ಮೆಲ್ಲಗೆ ಎಳೆಯಿರಿ. ಅರ್ಧ ಅಂಗುಲ ಬಂದು ಬಿಗಿಯಾಗಿ ನಿಂತರೆ ಕೇಬಲ್ ಬದುಕಿದೆ ಎಂದರ್ಥ. ಆಗ ಸಾಗರದ ತಂಗಿ ಹೇಳಿದ ಹಾಗೆ ಒಬ್ಬರು ಬಾನೆಟ್ ಒತ್ತಿ, ಇನ್ನೊಬ್ಬರು ಇಕ್ಕಳದಲ್ಲಿ ಎಳೆದರೆ ತೆರೆಯುತ್ತದೆ. ತಂತಿ ತಡೆಯಿಲ್ಲದೆ ಉದ್ದಕ್ಕೆ ಹೊರಗೆ ಬಂದರೆ ಮುಂದೆಲ್ಲೋ ತುಂಡಾಗಿದೆ. ಆಗ ಬೇರೆ ದಾರಿ.

ವಾರಕ್ಕೊಮ್ಮೆ ಊರಿಗೆ, ಸೋಮವಾರ 8.12

ಇಪ್ಪತ್ತು ವರ್ಷ ದಾಟಿದ ಗಾಡಿಗೆ ಇಷ್ಟೆಲ್ಲ ಏಕೆ? ಜೆನ್ ತಯಾರಿಕೆ 2006ರಲ್ಲೇ ನಿಂತಿದೆ. ಮಾರಿ ಬೇರೆ ತೆಗೆದುಕೊಳ್ಳಿ. ಅಮ್ಮನನ್ನು ಕೂರಿಸಿಕೊಂಡು ಘಟ್ಟ ಇಳಿಯುವ ವಿಷಯ ಇದು.

ಕಾಫಿ ಕಣ (ಕೊಪ್ಪ), ಸೋಮವಾರ 8.20

ಕೇಳಿದ್ದು ಬಾನೆಟ್ ತೆರೆಯುವುದು ಹೇಗೆಂದು. ನನ್ನ ಜೆನ್ 2000ದ್ದು. ಚೆನ್ನಾಗಿ ನೋಡಿಕೊಂಡ ಹಳೆಯ ಗಾಡಿ, ನೋಡಿಕೊಳ್ಳದ ಹೊಸ ಗಾಡಿಗಿಂತ ಘಟ್ಟದಲ್ಲಿ ಹೆಚ್ಚು ನಂಬಿಕೆಗೆ ತಕ್ಕದ್ದು. ಒಂದು ಕೇಬಲ್ ಹೋಯಿತೆಂದು ಅಪ್ಪ ಕೊಂಡ ಗಾಡಿಯನ್ನು ಯಾರಾದರೂ ಮಾರುತ್ತಾರೆಯೇ?

ವಾರಕ್ಕೊಮ್ಮೆ ಊರಿಗೆ, ಸೋಮವಾರ 8.26

ಮನಸ್ಸು ನೋಯಿಸಲು ಹೇಳಲಿಲ್ಲ. ಬಿಸಿ ಮುಳ್ಳು ಏರಿದ ಗಾಡಿ ಎಂದು ಹೆದರಿಕೆಯಾಯಿತು, ಅಷ್ಟೇ.

ಅಂಗಳದ ಜೆನ್, ಸೋಮವಾರ 9.02

ಗ್ಯಾರೇಜಿನ ಅಣ್ಣ ಹೇಳಿದಂತೆ ನೋಡಿದೆ. ಲಿವರ್ ಸರಿಯಿದೆ, ಕವಚವೂ ಕ್ಲಿಪ್ಪಿನಲ್ಲೇ ಇದೆ. ತಂತಿಯನ್ನು ಇಕ್ಕಳದಲ್ಲಿ ಎಳೆದರೆ ಬರುತ್ತಲೇ ಹೋಯಿತು, ಸುಮಾರು ಮೂರು ಮೊಳ. ತುದಿ ಕೈಗೆ ಬಂತು. ಎಳೆಗಳೆಲ್ಲ ಸವೆದ ಪೊರಕೆಯ ಹಾಗೆ ಬಿಚ್ಚಿಕೊಂಡಿವೆ. ಎರಡೋ ಮೂರೋ ಎಳೆಗಳ ತುದಿ ಮಾತ್ರ ಬೆಳ್ಳಗೆ ಹೊಳೆಯುತ್ತಿದೆ, ಉಳಿದವು ಕೆಂಪಗೆ. ಅಂದರೆ ಬಹಳ ದಿನದಿಂದ ಆ ಎರಡು ಮೂರು ಎಳೆಗಳ ಮೇಲೆಯೇ ಜೀವ ಹಿಡಿದುಕೊಂಡಿತ್ತು ಎಂದು ಕಾಣುತ್ತದೆ.

ದೋಟಿ (ಹೊಸನಗರ), ಸೋಮವಾರ 9.15

ಕೆಂಪು ಎಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್), ಅನುಮಾನವೇ ಬೇಡ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲದಲ್ಲಿ ಅದೇ ಕಾರಿನಲ್ಲಿ ಮೈಲುತುತ್ತದ ಚೀಲ ತಂದಿರುತ್ತೀರಿ, ಒದ್ದೆ ಕಾಲಿನಲ್ಲಿ ಹತ್ತಿರುತ್ತೀರಿ. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಹದವಾಯಿತೇ ಎಂದು ನೋಡಲು ಕತ್ತಿ ಅದ್ದುತ್ತೇವಲ್ಲ, ಸುಣ್ಣ ಕಡಿಮೆಯಾಗಿದ್ದರೆ ಕತ್ತಿ ಕೆಂಪಾಗುತ್ತದೆ. ಕತ್ತಿಗೆ ಆದದ್ದೇ ನಿಮ್ಮ ತಂತಿಗೂ ಆಗಿದೆ.

ಭದ್ರಾವತಿ ಕಬ್ಬಿಣ, ಸೋಮವಾರ 9.34

ಕತ್ತಿಯ ಪರೀಕ್ಷೆ ನಿಜ. ಮೈಲುತುತ್ತದ ನೀರಿನಲ್ಲಿ ಕಬ್ಬಿಣ ಅದ್ದಿದರೆ ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂರುತ್ತದೆ, ಅದಕ್ಕೇ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎನ್ನುವುದು. ಆದರೆ ಆ ಕೆಂಪಿಗೂ ತುಕ್ಕಿನ ಕೆಂಪಿಗೂ ವ್ಯತ್ಯಾಸವಿದೆ. ತಾಮ್ರವಾದರೆ ಹೊಸ ತಂಬಿಗೆಯ ಹೊಳಪು, ತೆಳುವಾದ ಲೇಪ. ತುಕ್ಕಾದರೆ ಹುಡಿಹುಡಿಯಾಗಿ ಬೆರಳಿಗೆ ಅಂಟುತ್ತದೆ. ತಂತಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ.

ಅಂಗಳದ ಜೆನ್, ಸೋಮವಾರ 9.41

ಒರೆಸಿದೆ. ಬಟ್ಟೆ ನಮ್ಮ ಅಂಗಳದ ಮಣ್ಣಿನ ಬಣ್ಣಕ್ಕೆ ತಿರುಗಿತು. ಹುಡಿ. ತುಕ್ಕು.

ದೋಟಿ, ಸೋಮವಾರ 9.44

ಸರಿ, ಇವರ ತಂತಿಯ ವಿಷಯದಲ್ಲಿ ಒಪ್ಪಿದೆ. ಆದರೂ ಮೈಲುತುತ್ತವನ್ನು ಕಾರಿನಲ್ಲಿ ತರುವವರು ಚೀಲದ ಕೆಳಗೆ ಪ್ಲಾಸ್ಟಿಕ್ ಹಾಸಿಕೊಳ್ಳಿ. ನನ್ನ ಓಮ್ನಿಯ ತಳ ತೂತಾದದ್ದು ಅದರಿಂದಲೇ.

ಹಳೇ ಗ್ಯಾರೇಜು, ಸೋಮವಾರ 9.58

ಕಾರಣ ಆಮೇಲೆ ಹುಡುಕೋಣ, ಮೊದಲು ತೆರೆಯಲಿ. ಒಳಗಿನಿಂದ ಎಳೆಯುವ ದಾರಿ ಮುಚ್ಚಿತು. ಇನ್ನು ಮುಂದಿನ ಗ್ರಿಲ್ಲಿನ ಸಂದಿಯಿಂದ ಲಾಕನ್ನೇ ಮುಟ್ಟಬೇಕು.

ಲಾಕ್ ಇರುವುದು ರೇಡಿಯೇಟರಿನ ಮೇಲಿನ ಅಡ್ಡಪಟ್ಟಿಯ ನಡುವೆ. ಅದರಲ್ಲೊಂದು ಪುಟ್ಟ ನಾಲಿಗೆ ಇದೆ, ಕೇಬಲಿನ ತುದಿ ಸಿಕ್ಕಿಕೊಂಡಿರುವುದು ಅದಕ್ಕೆ. ಉದ್ದನೆಯ ಸ್ಕ್ರೂಡ್ರೈವರಿನಿಂದ ಆ ನಾಲಿಗೆಯನ್ನು ಬಲಕ್ಕೆ ತಳ್ಳಿದರೆ ಕೊಕ್ಕೆ ಬಿಡುತ್ತದೆ. ತಳ್ಳುವಾಗ ಇನ್ನೊಬ್ಬರು ಬಾನೆಟ್ ಒತ್ತಿ ಹಿಡಿದಿರಬೇಕು.

ಹುಲಿಕಲ್ ತಿರುವು, ಸೋಮವಾರ 10.06

ಬಲಕ್ಕಲ್ಲ, ಎಡಕ್ಕೆ. ನಾನೇ ಒಮ್ಮೆ ತೆಗೆದಿದ್ದೇನೆ, ಎಡಕ್ಕೆ ತಳ್ಳಿದಾಗ ಬಿಟ್ಟಿತು.

ಹಳೇ ಗ್ಯಾರೇಜು, ಸೋಮವಾರ 10.09

ನಮ್ಮ ದೇಶದ ಗಾಡಿಗಳಲ್ಲಿ ಲಿವರ್ ಬಲಗಡೆ. ಕೇಬಲ್ ಬಲಗಡೆಗೆ ಎಳೆಯುತ್ತದೆ. ಎಡಕ್ಕೆ ತಳ್ಳಿದರೆ ಬಿಗಿಯಾಗುತ್ತದೆ.

ಹುಲಿಕಲ್ ತಿರುವು, ಸೋಮವಾರ 10.11

ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ ಅಣ್ಣ. ಎಡ.

ಸಾಗರದವಳು, ಸೋಮವಾರ 10.15

ಇಬ್ಬರೂ ಹೇಳುತ್ತಿರುವುದು ಒಂದೇ! ಗ್ಯಾರೇಜಿನ ಅಣ್ಣ ಚಾಲಕನ ಸೀಟಿನಿಂದ ಹೇಳುತ್ತಿದ್ದಾರೆ, ನೀವು ಗಾಡಿಯ ಎದುರು ಕುಕ್ಕರಗಾಲಿನಲ್ಲಿ ಕೂತು ಹೇಳುತ್ತಿದ್ದೀರಿ. ಚಾಲಕನ ಬಲ, ಎದುರು ಕೂತವರಿಗೆ ಎಡ.

ಹಳೇ ಗ್ಯಾರೇಜು, ಸೋಮವಾರ 10.19

ಸರಿಯಾಗಿ ಹೇಳಿದಿರಿ ತಂಗಿ. ಎಡಬಲದ ಮಾತೇ ಬೇಡ. ಕೇಬಲ್ ಯಾವ ಕಡೆಯಿಂದ ಬಂದು ಲಾಕಿಗೆ ಸೇರಿದೆಯೋ ಆ ಕಡೆಗೆ ನಾಲಿಗೆಯನ್ನು ತಳ್ಳಿ. ಯಾವ ಗಾಡಿಗಾದರೂ ಈ ಲೆಕ್ಕ ಹೊಂದುತ್ತದೆ.

ಹುಲಿಕಲ್ ತಿರುವು, ಸೋಮವಾರ 10.27

ಒಪ್ಪಿದೆ. ನಾನು ಈ ಕೆಲಸ ಕಲಿತದ್ದು ಹೇಗೆ ಎಂದೂ ಹೇಳುತ್ತೇನೆ. ಮೊದಲ ಸಲ ನನ್ನ ಗಾಡಿಗೆ ಹೀಗಾದಾಗ ಒಂದು ಗ್ಯಾರೇಜಿನವರು ಏನೂ ನೋಡದೆ ಗ್ರಿಲ್ಲನ್ನೇ ಕತ್ತರಿಸಿದರು. ಮೂವತ್ತು ರೂಪಾಯಿಯ ತುಕ್ಕಿಗೆ ಇಡೀ ಗ್ರಿಲ್ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕತ್ತರಿಸುತ್ತೇವೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ.

ಮಂಡಗದ್ದೆ ಹಕ್ಕಿ, ಸೋಮವಾರ 10.31

ಗ್ರಿಲ್ಲಿನಿಂದ ಆಗದಿದ್ದರೆ ಕೆಳಗಿನಿಂದ ಪ್ರಯತ್ನಿಸಿ. ಜಾಕ್ ಹಾಕಿ ಎತ್ತಿ, ಕೆಳಗೆ ನುಗ್ಗಿ, ರೇಡಿಯೇಟರಿನ ಮುಂದಿನಿಂದ ಕೈ ಮೇಲಕ್ಕೆ ಹಾಕಿದರೆ ಲಾಕ್ ಸಿಗುತ್ತದೆ.

ಹಳೇ ಗ್ಯಾರೇಜು, ಸೋಮವಾರ 10.36

ಬೇಡ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಮಳೆಗಾಲದ ಅಂಗಳ ಮೆತ್ತಗಿರುತ್ತದೆ, ಜಾಕಿನ ಬುಡ ಹೂತು ವಾಲಿದರೆ ಗಾಡಿ ಎದೆಯ ಮೇಲೆ ಬರುತ್ತದೆ. ನನ್ನ ಜೊತೆ ಕೆಲಸ ಕಲಿತ ಹುಡುಗನೊಬ್ಬನ ಕೈ ಹೀಗೆ ಹೋಗಿದ್ದನ್ನು ನೋಡಿದ್ದೇನೆ. ಕೆಳಗಿನಿಂದಲೇ ಮಾಡಬೇಕಾದರೆ ಕಟ್ಟಿದ ಗುಂಡಿಯಿರುವ ಗ್ಯಾರೇಜಿಗೆ ಹೋಗಲಿ.

ಇನ್ನೊಂದು. ಸ್ಕ್ರೂಡ್ರೈವರ್ ಹಾಕುವ ಮೊದಲು ಕೀಲಿ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಇಂಜಿನ್ ಪೂರ್ತಿ ತಣ್ಣಗಿರಲಿ. ಕೆಲವು ಗಾಡಿಗಳಲ್ಲಿ ಇಂಜಿನ್ ನಿಂತ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ. ರೇಡಿಯೇಟರಿನ ಮುಂದೆ ಒಂದು ರಟ್ಟು ಇಳಿಬಿಡಿ. ಕೈತಪ್ಪಿ ಸ್ಕ್ರೂಡ್ರೈವರ್ ಚುಚ್ಚಿದರೆ ರಟ್ಟು ತೂತಾಗಲಿ, ರೇಡಿಯೇಟರ್ ಆಗಬಾರದು.

ಮಂಡಗದ್ದೆ ಹಕ್ಕಿ, ಸೋಮವಾರ 10.40

ಜಾಕಿನ ಮಾತು ಹಿಂದೆಗೆದುಕೊಂಡೆ. ನಾನು ಎರಡು ಸಲ ಹಾಗೆ ಮಾಡಿದ್ದೆ, ಇನ್ನು ಮಾಡುವುದಿಲ್ಲ.

ಅಂಗಳದ ಜೆನ್, ಮಂಗಳವಾರ ಬೆಳಿಗ್ಗೆ 8.15

ಆರು ಗಂಟೆಗೇ ಶುರು ಮಾಡಿದೆ. ತಮ್ಮ ಬಾನೆಟ್ ಒತ್ತಿ ಹಿಡಿದ. ನನ್ನ ಸ್ಕ್ರೂಡ್ರೈವರ್ ಗಿಡ್ಡ, ಮುಟ್ಟುತ್ತಿಲ್ಲ. ಕೊಡೆಯ ಕಡ್ಡಿ ಹಾಕಿದೆ, ಬಾಗಿತು. ಜಿಐ ತಂತಿಯ ತುದಿಯನ್ನು ಕೊಕ್ಕೆ ಮಾಡಿ ಹಾಕಿದೆ, ಅದೂ ಎಳೆದಾಗ ನೆಟ್ಟಗಾಯಿತು. ಜಡಿಮಳೆ ಬಂದದ್ದರಿಂದ ನಿಲ್ಲಿಸಿದೆವು. ನಾಲಿಗೆ ಎಲ್ಲಿದೆ ಎಂದೇ ಕತ್ತಲಲ್ಲಿ ಗೊತ್ತಾಗುತ್ತಿಲ್ಲ.

ಕಾಫಿ ಕಣ, ಮಂಗಳವಾರ 8.50

ಸ್ವಲ್ಪ ಇರಿ. ನನ್ನದೂ ಜೆನ್ ಅಲ್ಲವೇ, ಹೋಗಿ ನೋಡಿಕೊಂಡು ಬರೆಯುತ್ತೇನೆ.

ಕಾಫಿ ಕಣ, ಮಂಗಳವಾರ 9.20

ನನ್ನ ಗಾಡಿಯ ಬಾನೆಟ್ ತೆರೆದಿಟ್ಟು, ಮುಂದೆ ನೆಲದ ಮೇಲೆ ಗೋಣಿ ಹಾಸಿ ಕೂತು, ಗ್ರಿಲ್ಲಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಮನೆಯವರು ಒಳಗೆ ಲಿವರ್ ಎಳೆದು ಎಳೆದು ಬಿಟ್ಟರು. ನಾಲಿಗೆ ಓಡಾಡುವುದು ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲ, ಆದರೆ ಸ್ಪ್ರಿಂಗ್ ಬಹಳ ಗಟ್ಟಿ. ಅದಕ್ಕೇ ನಿಮ್ಮ ಕಡ್ಡಿ, ತಂತಿ ಎಲ್ಲ ಬಾಗುತ್ತಿವೆ. ಸರಳಿನಷ್ಟು ದಪ್ಪ ಬೇಕು, ತುದಿ ಮಾತ್ರ ಚಪ್ಪಟೆಯಾಗಿರಬೇಕು.

ಅಡಿಕೆ ಚಪ್ಪರಕ್ಕೋ ಮನೆ ಕಟ್ಟುವಾಗಲೋ ತಂದ 8 ಮಿಲಿಮೀಟರ್ ಸರಳಿನ ತುಂಡು ಇದ್ದೇ ಇರುತ್ತದೆ. ಎರಡಡಿ ಸಾಕು. ತುದಿಯ ಒಂದಂಗುಲವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿ ಸ್ವಲ್ಪ ಬಗ್ಗಿಸಿ. ತಳ್ಳುವುದಕ್ಕಿಂತ ಸರಳನ್ನು ಗ್ರಿಲ್ಲಿನ ಹಿಂದಿನ ಕಬ್ಬಿಣಕ್ಕೆ ಆನಿಸಿ ಸನ್ನೆಗೋಲಿನ ಹಾಗೆ ತಿರುವುವುದು ಸುಲಭ. ಪ್ಲಾಸ್ಟಿಕ್ ಗ್ರಿಲ್ಲಿಗೆ ಆನಿಸಬೇಡಿ, ಮುರಿಯುತ್ತದೆ. ನಾಲಿಗೆಗೆ ಕೇಬಲಿನ ಮುಂದಿನ ತುಂಡು ಇನ್ನೂ ಸಿಕ್ಕಿಕೊಂಡೇ ಇರುತ್ತದೆ, ಅದನ್ನು ಗುರುತಾಗಿ ಹುಡುಕಿ. ನನ್ನ ಲಾಕಿನ ಫೋಟೋ ಹಾಕಿದ್ದೇನೆ, ಕೆಂಪು ಗೆರೆ ಎಳೆದಿರುವುದೇ ನಾಲಿಗೆ.

ದೋಟಿ, ಮಂಗಳವಾರ 9.31

ಸಂದಿಯಿಂದ ಲಾಕಿನ ಮೇಲೆ ತುಕ್ಕು ಬಿಡಿಸುವ ಎಣ್ಣೆಯನ್ನೂ ಸಿಂಪಡಿಸಿ. ಡಬ್ಬಿಯ ಜೊತೆ ಕೊಡುವ ಕೆಂಪು ಕೊಳವೆಯನ್ನು ತೂರಿಸಿದರೆ ಸರಿಯಾದ ಜಾಗಕ್ಕೆ ಬೀಳುತ್ತದೆ. ಕಾಲು ಗಂಟೆ ಬಿಟ್ಟು ಕೈ ಹಾಕಿ.

ಅಂಗಳದ ಜೆನ್, ಮಂಗಳವಾರ 12.40

ತೆರೆಯಿತು!

ಕೊಟ್ಟಿಗೆಯ ಮೂಲೆಯಲ್ಲಿದ್ದ ಸರಳನ್ನು ಕಾಫಿ ಕಣದವರು ಹೇಳಿದಂತೆ ಬಡಿದು ಮಾಡಿಕೊಂಡೆ. ಮೂರನೆಯ ಸಲ ತಿರುವಿದಾಗ ತಮ್ಮ ಒತ್ತಿದ ಕೈಯ ಕೆಳಗೆ ಬಾನೆಟ್ ಚಂಗನೆ ಒಂದಂಗುಲ ಮೇಲೆದ್ದಿತು. ಆ ಕ್ಷಣದ ಸಮಾಧಾನವನ್ನು ಬರೆದು ತಿಳಿಸುವುದು ಕಷ್ಟ.

ಇನ್ನು ಕಾರಣ. ಬಲಗಡೆ ಚಕ್ರದ ಮೇಲ್ಭಾಗದ ಮೂಲೆಯಲ್ಲಿ ಅಡಿಕೆ ಸಿಪ್ಪೆಯ ನಾರು, ಹಳೆಯ ಬಟ್ಟೆಯ ಚೂರು, ಗೋಣಿಯ ಎಳೆ, ಎಲ್ಲ ಸೇರಿ ತೆಂಗಿನಕಾಯಿ ಗಾತ್ರದ ಗೂಡು. ಅದರ ಪಕ್ಕದಲ್ಲೇ ಹಾದುಹೋಗುವ ಕೇಬಲಿನ ಪ್ಲಾಸ್ಟಿಕ್ಕನ್ನು ಒಂದು ಗೇಣು ಉದ್ದಕ್ಕೆ ಇಲಿ ಕಡಿದಿದೆ. ಸಣ್ಣ ಸಣ್ಣ ಜೋಡಿ ಹಲ್ಲಿನ ಗುರುತು, ಜೋಳದ ದಿಂಡು ತಿಂದ ಹಾಗೆ. ಅಲ್ಲಿಂದ ನೀರು ಇಳಿದು ಒಳತಂತಿ ತುಕ್ಕು ಹಿಡಿದಿದೆ. ತಂತಿ ತುಂಡಾದದ್ದೂ ಅದೇ ಜಾಗದಲ್ಲಿ.

ರೇಡಿಯೇಟರ್ ಒಂದೂವರೆ ಲೀಟರ್ ನೀರು ಹಿಡಿಯಿತು. ಮೇಲಿನ ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿ ಜಿನುಗುತ್ತಿತ್ತು, ಬಿಗಿ ಮಾಡಿದೆ.

ಹಳೇ ಗ್ಯಾರೇಜು, ಮಂಗಳವಾರ 12.44

ಬಾನೆಟ್ ಮುಚ್ಚಬೇಡಿ!

ಸಾಗರದವಳು, ಮಂಗಳವಾರ 12.45

ಮುಚ್ಚಬೇಡಿ. ಕೋಲು ಕೊಟ್ಟು ನಿಲ್ಲಿಸಿಯೇ ಇರಿ.

ಅಂಗಳದ ಜೆನ್, ಮಂಗಳವಾರ 12.52

ಮುಚ್ಚಿಲ್ಲ. ಮಕ್ಕಳು ಮುಚ್ಚದಿರಲಿ ಎಂದು ಲಾಕಿನ ಬಾಯಿಗೆ ಬಟ್ಟೆ ತುರುಕಿದ್ದೇನೆ.

ಕಾಫಿ ಕಣ, ಮಂಗಳವಾರ 1.05

ಬಹಳ ಸಂತೋಷ. ಸಿಪ್ಪೆಯ ರಾಶಿಯ ಹತ್ತಿರ ಗಾಡಿ ನಿಲ್ಲಿಸುತ್ತೀರಾ?

ಅಂಗಳದ ಜೆನ್, ಮಂಗಳವಾರ 1.08

ಹೌದು, ಪಕ್ಕದಲ್ಲೇ. ಇವತ್ತಿನಿಂದ ಬೇರೆ ಕಡೆ.

ಮಂಡಗದ್ದೆ ಹಕ್ಕಿ, ಮಂಗಳವಾರ 1.20

ಹೊಸ ಕೇಬಲ್ ಏಕೆ? ಸೈಕಲ್ ಅಂಗಡಿಯಲ್ಲಿ ಹಿಂದಿನ ಬ್ರೇಕಿನ ಒಳತಂತಿ ಸಿಗುತ್ತದೆ, ಸಾಕಷ್ಟು ಉದ್ದ. ಹಳೆಯ ಕವಚದೊಳಗೆ ತೂರಿಸಿ, ತುದಿಗೆ ಸ್ಕ್ರೂ ಬಿಗಿಯುವ ಹಿತ್ತಾಳೆ ಗುಂಡಿ ಹಾಕಿದರೆ ಮುಗಿಯಿತು. ಅಪ್ಪನ ಫಿಯೆಟ್ಟಿಗೆ ನಾವು ಹಾಗೇ ಮಾಡಿ ಎಂಟು ವರ್ಷ ಓಡಿಸಿದೆವು.

ಹಳೇ ಗ್ಯಾರೇಜು, ಮಂಗಳವಾರ 1.41

ಕವಚ ಚೆನ್ನಾಗಿದ್ದರೆ ನಿಮ್ಮ ಮಾತು ಸರಿ, ನಾನೂ ಹಾಗೆ ಮಾಡಿಕೊಟ್ಟಿದ್ದೇನೆ. ಇವರ ಕವಚವನ್ನು ಇಲಿ ತಿಂದಿದೆ. ಅದರೊಳಗೆ ಚಿನ್ನದ ತಂತಿ ಹಾಕಿದರೂ ಮುಂದಿನ ಆರಿದ್ರಾ ಮಳೆಗೆ ಮತ್ತೆ ನೀರು ಇಳಿಯುತ್ತದೆ. ಪೂರ್ತಿ ಕೇಬಲ್ ಬದಲಿಸಲೇಬೇಕು. ಶಿವಮೊಗ್ಗದ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿಕೊಡುತ್ತಾರೆ. ಹಳೆಯ ಕೇಬಲನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಉದ್ದವನ್ನೂ ಎರಡೂ ತುದಿಯ ಗುಂಡಿಯನ್ನೂ ಜೋಡಿಸಿ ನೋಡಿಯೇ ತೆಗೆದುಕೊಳ್ಳಿ.

ಹಳೆಯ ಕವಚವನ್ನು ಎಳೆದು ತೆಗೆಯುವ ಮೊದಲು ಅದರ ತುದಿಗೆ ಗೋಣಿ ಹೊಲಿಯುವ ದಾರ ಬಿಗಿಯಾಗಿ ಕಟ್ಟಿ. ಕವಚ ಹೊರಗೆ ಬಂದಾಗ ದಾರ ಅದೇ ದಾರಿಯಲ್ಲಿ ಕೂತಿರುತ್ತದೆ. ಹೊಸ ಕೇಬಲಿನ ತುದಿಯನ್ನು ಆ ದಾರಕ್ಕೆ ಕಟ್ಟಿ ಎಳೆದರೆ ಇಂಜಿನ್ ಕಡೆಯ ತಗಡಿನ ತೂತಿನಿಂದ ತಾನಾಗಿ ಬರುತ್ತದೆ. ಇದೊಂದನ್ನು ಮರೆತರೆ ಅರ್ಧ ದಿನ ಡ್ಯಾಶಿನ ಕೆಳಗೆ ತಲೆಕೆಳಗಾಗಿ ಮಲಗಬೇಕಾಗುತ್ತದೆ. ಆ ತೂತಿನ ರಬ್ಬರ್ ಬುಷ್ಷನ್ನು ಮರಳಿ ಕೂರಿಸಿ, ಇಲ್ಲದಿದ್ದರೆ ಮಳೆನೀರು ಕಾಲಿನ ಬುಡಕ್ಕೇ ಬರುತ್ತದೆ.

ಅಂಗಳದ ಜೆನ್, ಮಂಗಳವಾರ 1.55

ದಾರದ ಮಾತಿಗೆ ದೊಡ್ಡ ನಮಸ್ಕಾರ ಅಣ್ಣ. ಕೇಬಲ್ ಎಳೆಯಲು ಕೈ ಹಾಕಿದ್ದೆ, ನಿಲ್ಲಿಸಿದೆ. ದಾರ ಕಟ್ಟಿ ತೆಗೆದು ನಾಳೆ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗುತ್ತೇನೆ.

ದೋಟಿ, ಮಂಗಳವಾರ 2.10

ಇಲಿಗೆ ಹೊಗೆಸೊಪ್ಪು. ಒಣಗಿದ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿಯ ಪಕ್ಕ ಇಡಿ. ನಮ್ಮಲ್ಲಿ ಎಲ್ಲರೂ ಇಡುತ್ತಾರೆ.

ಸಾಗರದವಳು, ಮಂಗಳವಾರ 2.18

ಒಂದು ಮಳೆಗೆ ಅದರ ವಾಸನೆ ಹೋಗುತ್ತದೆ. ನಾನು ಇಟ್ಟ ಕಟ್ಟಿನ ಮೇಲೆಯೇ ಇಲಿ ಕೂತಿತ್ತು. ಬಾನೆಟ್ ವಾರಕ್ಕೊಮ್ಮೆ ತೆರೆದು ನೋಡುವುದೇ ಔಷಧ. ಗಾಡಿ ನಿಂತಲ್ಲೇ ನಿಂತರೆ ಇಲಿ ಬರುತ್ತದೆ.

ಹುಲಿಕಲ್ ತಿರುವು, ಮಂಗಳವಾರ 2.25

ಇಲಿ ಬಂದರೆ ಅದರ ಹಿಂದೆ ಹಾವೂ ಬರುತ್ತದೆ. ಹೋದ ವರ್ಷ ನಮ್ಮ ಗಾಡಿಯ ಬಾನೆಟ್ಟಿನಲ್ಲಿ ಕೇರೆಹಾವು ಸುತ್ತಿಕೊಂಡಿತ್ತು. ಮಳೆಗಾಲದಲ್ಲಿ ಬಾನೆಟ್ ಎತ್ತಿದ ಕೂಡಲೇ ಕೈ ಹಾಕಬೇಡಿ, ಮೊದಲು ಟಾರ್ಚ್ ಬಿಟ್ಟು ನೋಡಿ.

ಮಂಡಗದ್ದೆ ಹಕ್ಕಿ, ಮಂಗಳವಾರ 2.31

ಬೆಕ್ಕು ಸಾಕಿ. ನಮ್ಮ ಬೆಕ್ಕು ಬಾನೆಟ್ಟಿನ ಮೇಲೆಯೇ ಮಲಗುತ್ತದೆ, ಗಾಡಿ ಬಂದು ನಿಂತಾಗ ಬೆಚ್ಚಗಿರುತ್ತದಲ್ಲ.

ಅಡಿಕೆ ಚೀಲ, ಮಂಗಳವಾರ 3.00

ಇವತ್ತು ರಾಶಿ ಅಡಿಕೆ ಏನು ದರ ನಡೆಯಿತು? ಯಾರಾದರೂ ಮಂಡಿಗೆ ಹೋಗಿದ್ದಿರಾ?

ಕಾಫಿ ಕಣ, ಮಂಗಳವಾರ 3.04

ಅದಕ್ಕೆ ಬೇರೆ ಚರ್ಚೆ ಇದೆ ಮಾರಾಯರೇ, ಅಲ್ಲಿ ಕೇಳಿ. ಇಲ್ಲಿ ಕೇಬಲ್ ಕೆಲಸ ಇನ್ನೂ ಮುಗಿದಿಲ್ಲ.

ಹುಲಿಕಲ್ ತಿರುವು, ಮಂಗಳವಾರ 3.30

ಹೊಸ ಕೇಬಲ್ ಹಾಕುವಾಗ ಇನ್ನೊಂದು ಕೆಲಸವನ್ನೂ ಮಾಡಿ. ಲಾಕಿನ ನಾಲಿಗೆಗೆ ಬೇರೊಂದು ಗಟ್ಟಿ ತಂತಿ ಕಟ್ಟಿ, ಅದರ ತುದಿಯನ್ನು ಬಂಪರಿನ ಕೆಳಗೆ ಕಾಣದ ಹಾಗೆ ಬಿಡಿ. ಮುಂದೆ ಎಂದಾದರೂ ಕೇಬಲ್ ತುಂಡಾದರೆ ಅದನ್ನು ಎಳೆದರೆ ಆಯಿತು. ನನ್ನ ಗಾಡಿಯಲ್ಲಿ ಆರು ವರ್ಷದಿಂದ ಇದೆ.

ಭದ್ರಾವತಿ ಕಬ್ಬಿಣ, ಮಂಗಳವಾರ 3.42

ನಿಮಗೆ ಸಿಗುವ ತಂತಿ ಕಳ್ಳನಿಗೂ ಸಿಗುತ್ತದೆ. ನಮ್ಮ ಬೀದಿಯಲ್ಲಿ ಬ್ಯಾಟರಿ ಕದಿಯುವುದು ಹೊಸತಲ್ಲ.

ಹುಲಿಕಲ್ ತಿರುವು, ಮಂಗಳವಾರ 3.45

ಪೇಟೆಯ ಮಾತು ಬೇರೆ. ನಮ್ಮಲ್ಲಿ ಮನೆಗೂ ಮನೆಗೂ ಒಂದು ಗುಡ್ಡ ದೂರ.

ಹಳೇ ಗ್ಯಾರೇಜು, ಮಂಗಳವಾರ 4.10

ತಂತಿ ಕಟ್ಟುವುದು ಒಳ್ಳೆಯದೇ, ಆದರೆ ತುದಿಯನ್ನು ಕೆಳಗೆ ಜೋತುಬಿಡಬೇಡಿ. ರಸ್ತೆಯ ಕಡ್ಡಿಗೋ ಕಲ್ಲಿಗೋ ಸಿಕ್ಕಿ ಎಳೆದರೆ ಓಡುವಾಗಲೇ ಲಾಕ್ ಬಿಡುತ್ತದೆ. ಆಗ ಬಾನೆಟ್ಟನ್ನು ಹಿಡಿದಿಡುವುದು ಎರಡನೆಯ ಸಣ್ಣ ಕೊಕ್ಕೆಯೊಂದೇ. ಅದೂ ಸವೆದಿದ್ದರೆ ಬಾನೆಟ್ ಗಾಳಿಗೆ ಎದ್ದು ಗಾಜಿಗೆ ಬಡಿಯುತ್ತದೆ, ಚಾಲಕನಿಗೆ ರಸ್ತೆಯೇ ಕಾಣುವುದಿಲ್ಲ. ತಂತಿಯನ್ನು ಸಡಿಲವಾಗಿ ಕಟ್ಟಿ, ತುದಿಯನ್ನು ಸುತ್ತಿ ಗ್ರಿಲ್ಲಿನ ಹಿಂದೆಯೇ ಸಿಕ್ಕಿಸಿ. ಎರಡನೆಯ ಕೊಕ್ಕೆಗೆ ಮಾತ್ರ ಯಾವ ತಂತಿಯನ್ನೂ ಕಟ್ಟಬೇಡಿ, ಅದಿರುವುದೇ ಜೀವ ಉಳಿಸಲು.

ಸಾಗರದವಳು, ಮಂಗಳವಾರ 4.22

ಆ ಸಣ್ಣ ಕೊಕ್ಕೆಯ ಸ್ಪ್ರಿಂಗನ್ನೂ ಈಗಲೇ ನೋಡಿಬಿಡಿ. ಬೆರಳಲ್ಲಿ ತಳ್ಳಿ ಬಿಟ್ಟರೆ ಪಟ್ಟನೆ ಹಿಂದಕ್ಕೆ ಬರಬೇಕು. ನನ್ನದು ಕೆಂಪು ಮಣ್ಣು ಕೂತು ಅರ್ಧದಲ್ಲೇ ನಿಲ್ಲುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಿದ ಮೇಲೆ ಸರಿಹೋಯಿತು.

ಅಂಗಳದ ಜೆನ್, ಬುಧವಾರ ರಾತ್ರಿ 8.30

ಕೇಬಲ್ ನಾಲ್ಕನೆಯ ಅಂಗಡಿಯಲ್ಲಿ ಸಿಕ್ಕಿತು. ಮೊದಲ ಅಂಗಡಿಯಲ್ಲಿ ಕೊಟ್ಟದ್ದು ಒಂದು ಗೇಣು ಗಿಡ್ಡ ಇತ್ತು. ಹಳೆಯದನ್ನು ಒಯ್ದಿದ್ದರಿಂದ ಅಲ್ಲೇ ಗೊತ್ತಾಯಿತು.

ದಾರ ಎಳೆದಾಗ ಹೊಸ ಕೇಬಲ್ ಎರಡೇ ನಿಮಿಷಕ್ಕೆ ಒಳಗೆ ಬಂತು. ಲಾಕಿನ ಬೋಲ್ಟುಗಳನ್ನು ಬಿಚ್ಚುವ ಮೊದಲು ಅದು ಕೂತಿದ್ದ ಜಾಗಕ್ಕೆ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದೆ. ತೊಳೆದು ಗ್ರೀಸ್ ಹಚ್ಚಿ ಅದೇ ಗೆರೆಗೆ ಕೂರಿಸಿದೆ. ಸಣ್ಣ ಕೊಕ್ಕೆಯ ಸ್ಪ್ರಿಂಗ್ ಚೆನ್ನಾಗಿದೆ. ಈಗ ಬಾನೆಟ್ ಮುಚ್ಚಬಹುದೇ?

ಹಳೇ ಗ್ಯಾರೇಜು, ಬುಧವಾರ 8.37

ಇನ್ನೊಂದು ಪರೀಕ್ಷೆ ಬಾಕಿ. ಬಾನೆಟ್ ಎತ್ತಿಯೇ ಇರಲಿ. ಸ್ಕ್ರೂಡ್ರೈವರನ್ನು ಲಾಕಿನ ಬಾಯಿಗೆ ಅಡ್ಡವಾಗಿ ಇಟ್ಟು ಕೆಳಕ್ಕೆ ಒತ್ತಿ, ಬಾನೆಟ್ಟೇ ಬಂದು ಕೂತಂತೆ ಲಾಕ್ ಹಿಡಿದುಕೊಳ್ಳುತ್ತದೆ. ಈಗ ಒಳಗಿನಿಂದ ಲಿವರ್ ಎಳೆಯಿರಿ. ಸ್ಕ್ರೂಡ್ರೈವರನ್ನು ಬಿಡಬೇಕು. ಹತ್ತು ಸಲ ಮಾಡಿ. ಹತ್ತು ಸಲವೂ ಬಿಟ್ಟರೆ ಮುಚ್ಚಿ.

ಅಂಗಳದ ಜೆನ್, ಬುಧವಾರ 8.58

ತಮ್ಮ ಲಿವರ್ ಎಳೆದ, ನಾನು ಸ್ಕ್ರೂಡ್ರೈವರ್ ಒತ್ತಿದೆ. ಅಮ್ಮ ಜಗುಲಿಯಲ್ಲಿ ಕೂತು ಎಣಿಸಿದರು. ಹತ್ತಕ್ಕೆ ಹತ್ತೂ ಬಿಟ್ಟಿತು. ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ.

ಕಾಫಿ ಕಣ, ಬುಧವಾರ 9.03

ನಾಳೆ ಹೊರಡುವ ಮೊದಲು ನೀರು ಇನ್ನೊಮ್ಮೆ ನೋಡಿ. ಇಂಜಿನ್ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಿರಿ. ಘಟ್ಟ ಇಳಿಯುವಾಗ ಎರಡನೆಯ ಗೇರಿನಲ್ಲೇ ಇರಿ, ಬರೀ ಬ್ರೇಕನ್ನು ನಂಬಬೇಡಿ.

ಅಂಗಳದ ಜೆನ್, ಗುರುವಾರ ರಾತ್ರಿ 9.15

ಹೋಗಿ ಬಂದೆವು. ಹದಿನಾಲ್ಕು ತಿರುವನ್ನೂ ನಿಧಾನಕ್ಕೆ ಇಳಿದೆವು, ಮಂಜು ದಟ್ಟವಾಗಿತ್ತು. ಸೋಮೇಶ್ವರದಲ್ಲಿ ನಿಲ್ಲಿಸಿ ಬಾನೆಟ್ ತೆರೆದೆ. ಹೋಸ್ ಪೈಪಿನ ಕ್ಲಿಪ್ ಒಣಗಿಯೇ ಇತ್ತು. ಸಂಜೆ ಹತ್ತುವಾಗಲೂ ಮುಳ್ಳು ನಡುವಿನಿಂದ ಕದಲಲಿಲ್ಲ. ಅಮ್ಮನಿಗೆ ಮುಂದಿನ ತಪಾಸಣೆ ಆರು ತಿಂಗಳ ಮೇಲೆ.

ಕಾಫಿ ಕಣದವರಿಗೆ ಒಂದು ಮಾತು: ಆ ಸರಳನ್ನು ಎಸೆದಿಲ್ಲ. ಬಗ್ಗಿಸಿದ ತುದಿಗೆ ಬಟ್ಟೆ ಸುತ್ತಿ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಇಟ್ಟಿದ್ದೇನೆ. ಈ ಕಡೆ ಯಾರ ಗಾಡಿಗಾದರೂ ಹೀಗಾದರೆ ಹೇಳಿ, ತೆಗೆದುಕೊಂಡು ಬರುತ್ತೇನೆ.

ದೋಟಿ, ಗುರುವಾರ 9.40

ನನ್ನ ಭಾವನ ಎಸ್ಟೀಮ್ ಹೊಸನಗರದಲ್ಲಿ ಹದಿನೈದು ದಿನದಿಂದ ಬಾನೆಟ್ ಮುಚ್ಚಿಕೊಂಡೇ ನಿಂತಿದೆ. ಭಾನುವಾರ ಬಿಡುವಿದೆಯೇ?

ಅಂಗಳದ ಜೆನ್, ಗುರುವಾರ 9.43

ಇದೆ. ಹತ್ತು ಗಂಟೆಗೆ ಬರುತ್ತೇನೆ. ಬಾನೆಟ್ ಒತ್ತಿ ಹಿಡಿಯಲು ಒಬ್ಬರು ಇರಲಿ.